ನನ್ನ ಹೆಸರಿನಲ್ಲಿ ಬಸುವಿನ ರಕ್ತ

ಹೋದ ಮಂಗಳವಾರ ಬೆಳಿಗ್ಗೆ ನನ್ನ ಕಿಡ್ನಿ ಕೆಡುತ್ತಿದೆ ಎಂದು ಮೊಬೈಲಿಗೆ ರಿಪೋರ್ಟ್ ಬಂತು. ಓದಿ, ಎದುರಿಗೆ ಕೂತಿದ್ದ ಬಸುವಿನ ಮುಖ ನೋಡಿದೆ.

ಬಸು ನನ್ನ ಹೆಂಡತಿಯ ತಮ್ಮ. ಮುಂಬಯಿಯ ಮಲಾಡಿನಲ್ಲಿ, ನಾವಿಬ್ಬರೂ ದುಡಿಯುವ ಸೈಟಿನಲ್ಲಿ ವಡಾಪಾವ್ ತಿನ್ನುತ್ತಿದ್ದ. ಆ ರಕ್ತ ಅವನದು.

ಆದದ್ದು ಇಷ್ಟು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಮೂವತ್ತು ವರ್ಷ ಈ ಊರಿನ ಮನೆಗಳಿಗೆ ಟೈಲ್ಸ್ ಕೂರಿಸಿದ ಮೈ ನನ್ನದು. ಒಂದು ದಿನ ಆಸ್ಪತ್ರೆಯಲ್ಲಿ ಮಲಗಿಲ್ಲ. (ಮಲಗಲು ಪುರುಸೊತ್ತಾದರೂ ಎಲ್ಲಿತ್ತು?) ಆದರೂ ಐವತ್ತು ದಾಟಿತಲ್ಲ ಎಂದು ಹೆಲ್ತ್ ಇನ್ಶೂರೆನ್ಸಿಗೆ ಅರ್ಜಿ ಹಾಕಿದೆ. ರಕ್ತ ಪರೀಕ್ಷೆ ಆಗಬೇಕೆಂದರು.

ಏಜೆಂಟ್ ಕಿವಿಯಲ್ಲಿ ಊದಿದ: "ಶುಗರ್ ಗಿಗರ್ ಬಂದ್ರೆ ಪ್ರೀಮಿಯಂ ಏರಿಸ್ತಾರೆ ಅಣ್ಣಾ. ಗಟ್ಟಿ ಆಳಿನ ರಕ್ತ ಕೊಡ್ಸಿ. ಎಲ್ರೂ ಮಾಡ್ತಾರೆ."

ಬಸುವಿಗಿಂತ ಗಟ್ಟಿ ಯಾರು? ಸಿಮೆಂಟ್ ಚೀಲ ಹೊತ್ತು ನಾಲ್ಕು ಮಹಡಿ ಹತ್ತುವವನು. ರಕ್ತ ತೆಗೆಯುವವನು ಸೈಟಿಗೇ ಬಂದ. ಆಧಾರ್ ಕಾರ್ಡ್ ನನ್ನದು, ತೋಳು ಬಸುವಿನದು. ಟೈಲ್ಸ್ ಕತ್ತರಿಸುವ ಧೂಳಿನಲ್ಲಿ ನಮ್ಮೆಲ್ಲರ ಮುಖವೂ ಒಂದೇ ಬಿಳುಪು.

ರಿಪೋರ್ಟ್ ಬಂದದ್ದೇ ಬಸುವಿನಿಂದ ದೂರ ಹೋಗಿ ಏಜೆಂಟನಿಗೆ ಫೋನ್ ಮಾಡಿದೆ.

"ಅವನಿಗೆ ಹೇಳ್ಬೇಡಿ. ಡಾಕ್ಟರ್ ಹತ್ರ ಹೋದ್ರೆ ರೆಕಾರ್ಡ್ ಆಗುತ್ತೆ. ಮೊದ್ಲು ಅವನ ಹೆಸ್ರಲ್ಲಿ ಪಾಲಿಸಿ ಮಾಡ್ಸೋಣ. ಈ ಸಲ ರಕ್ತ ನೀವು ಕೊಡಿ."

"ಆಮ್ಯಾಲೆ?"

"ದುಡ್ಡು ಸಿಗೋಕೆ ಒಂದಷ್ಟು ವರ್ಷ ಕಾಯ್ಬೇಕು."

"ಕಿಡ್ನಿ ಕಾಯ್ತದೇನ್ರೀ?"

ಫೋನ್ ಕಟ್ಟಾಯಿತು.

ಈ ಕಂಪನಿಗಳಲ್ಲಿ ಆ್ಯಕ್ಚುಯರಿ ಎಂಬ ಲೆಕ್ಕಿಗರಿರುತ್ತಾರಂತೆ. ನನ್ನಂಥ ಸಾವಿರ ಜನರಲ್ಲಿ ಎಷ್ಟು ಮಂದಿ, ಯಾವ ವಯಸ್ಸಿಗೆ ಹಾಸಿಗೆ ಹಿಡಿಯುತ್ತಾರೆಂದು ಮೊದಲೇ ಅಂದಾಜು ಮಾಡುವವರು. ಅವರ ಕಂಪ್ಯೂಟರಿನೊಳಗೆ ಈಗ ಒಬ್ಬ ಮನುಷ್ಯ ಕೂತಿದ್ದಾನೆ. ಹೆಸರು ನನ್ನದು, ವಯಸ್ಸು ನನ್ನದು, ಕಿಡ್ನಿ ಬಸುವಿನದು. ಅಂಥವನು ಮುಂಬಯಿಯ ಯಾವ ಗಲ್ಲಿಯಲ್ಲೂ ಓಡಾಡುತ್ತಿಲ್ಲ. ಆದರೂ ಅವನ ಮುಂದಿನ ದಿನಗಳು ತೀರ್ಮಾನವಾಗಿವೆ! ಅರ್ಜಿ ವಾಪಸ್ ಪಡೆದೆ. ಆ ಕಂಪ್ಯೂಟರಿನವನ ಆರೋಗ್ಯ ವಿಚಾರಿಸುವ ಮೆಸೇಜುಗಳು ಮಾತ್ರ ನನಗೆ ಬರುತ್ತಲೇ ಇವೆ.

ಬಸುವಿಗೆ ಯಾವ ಮುಖ ಇಟ್ಟುಕೊಂಡು ಹೇಳಲಿ? ಗುರುವಾರ ಬಸು ಬರಿಗಾಲಲ್ಲಿ ಕೆಲಸಕ್ಕಿಳಿದ. ಚಪ್ಪಲಿ ಬಿಗಿಯಾಗುತ್ತಿದೆಯಂತೆ. ಬಿಳಿ ಧೂಳಿನ ಮೇಲೆ ಅವನ ಊದಿದ ಪಾದದ ಹೆಜ್ಜೆ ಅಗಲವಾಗಿ ಮೂಡಿತ್ತು. ಆ ಹೆಜ್ಜೆ ದಾಟಲು ನನ್ನ ಕಾಲು ಏಳಲಿಲ್ಲ.

ಹೇಳಿಬಿಟ್ಟೆ.

ಬಸು ನಕ್ಕ. "ಕಾಗದದಾಗ ನಿಮ್ಮ ಹೆಸರ ಐತಲ್ರೀ ಮಾಂವ. ಬ್ಯಾನಿ ನಿಮ್ದು. ನನ್ನ ಮ್ಯಾಲ ಯಾಕ ಹಾಕ್ತೀರಿ?"

"ರಕ್ತ ನಿಂದಲ್ಲೇನಲೇ!"

"ಕೊಟ್ಟಮ್ಯಾಲ ನಿಮ್ದ ಆತು."

ರಟ್ಟೆ ಹಿಡಿದು ಎಳೆದುಕೊಂಡೇ ಸರಕಾರಿ ಆಸ್ಪತ್ರೆಗೆ ಒಯ್ದೆ. ಅವನದೇ ಹೆಸರಲ್ಲಿ ಮತ್ತೆ ಪರೀಕ್ಷೆಯಾಯಿತು. ಅದೇ ಫಲಿತಾಂಶ. ಬಸುವಿನ ನಗು ನಿಂತಿತು. ಇನ್ನೂ ಕೈಮೀರಿಲ್ಲ, ಔಷಧಿಯಲ್ಲಿ ಹಿಡಿದಿಡಬಹುದು ಎಂದರು ಡಾಕ್ಟರು. ಇಷ್ಟು ಬೇಗ ಹೇಗೆ ಗೊತ್ತಾಯಿತು ಎಂದು ಅವರಿಗೇ ಆಶ್ಚರ್ಯ. ನಾನು ಬಸುವಿನ ರಿಪೋರ್ಟ್ ಮಡಚಿ ಜೇಬಿಗಿಟ್ಟೆ.

ಆಮೇಲೆ ಅವರು ನನ್ನ ಕಡೆ ತಿರುಗಿ, ನೀವು ಪರೀಕ್ಷೆ ಮಾಡಿಸಿದ್ದೀರಾ ಎಂದು ಕೇಳಿದರು. "ಔರ್ ಆಪ್? ಆಪ್‌ನೇ ಚೆಕ್ ಕರಾಯಾ?"

ನನ್ನ ಈ ಗಟ್ಟಿ ಮೈಯೊಳಗೆ ಏನಿದೆಯೆಂದು ಇಡೀ ಮುಂಬಯಿಯಲ್ಲಿ ಯಾರಿಗಾದರೂ ಗೊತ್ತಿದೆಯೇ?