ನೆಲ ತಟ್ಟುವ ತರಗತಿ

ನಮ್ಮ ದೊಡ್ಡಮ್ಮನ ತರಗತಿಯಲ್ಲಿ ಮಾತಾಡಿದರೆ ತಪ್ಪಲ್ಲ, ನಕ್ಕರೆ ತಪ್ಪಲ್ಲ, ಚಪ್ಪಲಿ ಎಡದ್ದು ಬಲಕ್ಕೆ ಹಾಕಿಕೊಂಡು ಬಂದರೂ ತಪ್ಪಲ್ಲ. ಅಲ್ಲಿ ತಪ್ಪು ಅಂತ ಇದ್ದದ್ದು ಒಂದೇ: ಅರ್ಥವಾಗದ ಮಾತನ್ನು ಅರ್ಥವಾದವರ ಹಾಗೆ ದಾಟಿಕೊಂಡು ಹೋಗುವುದು. ಕಥೆ ಓದುವ ಮಗುವಾಗಲಿ ಕೇಳುವ ಮಗುವಾಗಲಿ, ಗೊತ್ತಿಲ್ಲದ ಮಾತು ಬಂದ ಕೂಡಲೇ ಅಂಗೈಯಿಂದ ನೆಲ ತಟ್ಟಬೇಕು. ತಟ್ಟಿದರೆ ಕಥೆ ನಿಂತಿತು ಅಂತಲೇ ಲೆಕ್ಕ. ಗೊತ್ತಿದ್ದವರು ಅರ್ಥ ಹೇಳಬೇಕು. ಯಾರಿಗೂ ಗೊತ್ತಿಲ್ಲದಿದ್ದರೆ ದೊಡ್ಡಮ್ಮ ಆ ವಸ್ತುವನ್ನೇ ತಂದು ತೋರಿಸುತ್ತಿದ್ದಳು, ಇಲ್ಲವೇ ಮಾಡಿ ತೋರಿಸುತ್ತಿದ್ದಳು. ‘ತೆವಳು’ ಅನ್ನುವ ಮಾತಿಗಾಗಿ ಮೊಮ್ಮಕ್ಕಳನ್ನು ಕಂಡ ಹೆಂಗಸು ಈ ಗೋಡೆಯಿಂದ ಆ ಗೋಡೆಯವರೆಗೆ ತೆವಳಿದ್ದನ್ನು ನಾನೇ ಕಿಟಕಿಯಿಂದ ನೋಡಿದ್ದೇನೆ. ಆಮೇಲೆ ಮೊಣಕಾಲು ಒರೆಸಿಕೊಂಡು, ಸರಿ, ಕಥೆಯಲ್ಲಿ ತೆವಳುವ ಈ ಆಮೆಗೆ ಎಲ್ಲಿಗೆ ಹೋಗುವ ಆತುರ ಹೇಳಿ ನೋಡೋಣ ಅಂತ ಪುಸ್ತಕ ಮುಚ್ಚಿ ಕೂತಳು. ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ಹೇಳತೊಡಗಿದವು. ಇಂಥವಳನ್ನು ಜನ ಹಟಮಾರಿ ಅಂತಾರೆ. ಹೌದು, ಹಟಮಾರಿಯೇ. ಏನೀಗ?

ಈ ಹಟ ಸುಮ್ಮನೆ ಬಂದದ್ದಲ್ಲ. ಚಿಕ್ಕವಳಿದ್ದಾಗ ಅವಳು ಓದಿದರೆ ನೀರು ಕುಡಿದಷ್ಟು ಸಲೀಸು ಅಂತ ಬೀದಿಯವರೆಲ್ಲ ಹೊಗಳುತ್ತಿದ್ದರಂತೆ. ಒಂದು ಸಂಜೆ ಅವಳ ಅಜ್ಜಿ ಔಷಧಿಯ ಸೀಸೆ ಕೈಗೆ ಕೊಟ್ಟು ಏನು ಬರೆದಿದೆ ಓದು ಅಂದಳು. ‘ಬಾಹ್ಯ ಉಪಯೋಗಕ್ಕೆ ಮಾತ್ರ’ ಅಂತ ಇವಳು ಗಂಟೆ ಹೊಡೆದ ಹಾಗೆ ಓದಿದಳು. ಬಾಹ್ಯ ಅಂದರೇನು ಅಂತ ಓದಿದವಳಿಗೂ ಗೊತ್ತಿಲ್ಲ, ಕೇಳಿದವಳಿಗೂ ಗೊತ್ತಿಲ್ಲ, ಕೇಳುವುದಕ್ಕೆ ಇಬ್ಬರಿಗೂ ನಾಚಿಕೆ. ಮಂಡಿಗೆ ಹಚ್ಚುವ ಎಣ್ಣೆಯನ್ನು ಅಜ್ಜಿ ಚಮಚದಲ್ಲಿ ಕುಡಿದಳು. ಜೀವ ಉಳಿಯಿತು, ಗಂಟಲು ಮಾತ್ರ ಕೊನೆಯವರೆಗೂ ಸರಿಹೋಗಲಿಲ್ಲ. ಒಡೆದ ಆ ಗಂಟಲಲ್ಲೇ ಅಜ್ಜಿ ಬಂದವರಿಗೆಲ್ಲ ಹೇಳುತ್ತಿದ್ದಳಂತೆ: “ಓದಿದ್ದು ಅವಳು, ಕುಡಿದಿದ್ದು ನಾನು.” ದೊಡ್ಡಮ್ಮ ಈ ಕಥೆಯನ್ನು ನಗುತ್ತಲೇ ಹೇಳುತ್ತಾಳೆ. ನನಗೆ ಮಾತ್ರ ಇವತ್ತಿಗೂ ನಗು ಬರುವುದಿಲ್ಲ.

ನನ್ನ ಮಗಳೂ ಅದೇ ತರಗತಿಗೆ ಸೇರಿದಳು. ಮನೆಯಲ್ಲಿ ಅವಳನ್ನು ಮೆಣಸು ಅಂತ ಕರೆಯುತ್ತೇವೆ. ಹೆಸರಿಗೆ ತಕ್ಕ ಹಾಗೇ ಇದ್ದಾಳೆ. ಟಿವಿಯಲ್ಲಿ ಸುದ್ದಿ ಓದುವವರಿಗೂ ನೆಲ ತಟ್ಟುತ್ತಿದ್ದಳು. ಅವರಪ್ಪ ಫೋನಿನಲ್ಲಿ ಯಾರಿಗೋ ‘ಪ್ರಾಮಾಣಿಕವಾಗಿ ಹೇಳ್ತೀನಿ’ ಅನ್ನುತ್ತಿದ್ದಾಗ ತಟ್ಟಿದಳು. ಅರ್ಥ ಬಿಡಿಸಿ ಹೇಳಿದ ಮೇಲೆ, ಹಾಗಾದರೆ ಮನೆಯಲ್ಲಿ ಕೂತುಕೊಂಡು ದಾರಿಯಲ್ಲಿದ್ದೀನಿ ಅಂತ ಯಾಕೆ ಹೇಳಿದೆ ಅಂತ ಕೇಳಿದಳು. ಅವರು ಎದ್ದು ಬಚ್ಚಲುಮನೆಗೆ ಹೋದರು.

ಅಷ್ಟರಲ್ಲಿ ಶಾಲೆಗೆ ಹೊಸ ಹೆಡ್ ಮೇಡಂ ಬಂದರು. ಕೆಟ್ಟವರಲ್ಲ, ಆದರೆ ಕೊರಳಲ್ಲೊಂದು ಸ್ಟಾಪ್‌ವಾಚ್ ನೇತುಹಾಕಿಕೊಂಡಿದ್ದರು. ಮಗು ಒಂದು ನಿಮಿಷದಲ್ಲಿ ಎಷ್ಟು ಓದುತ್ತದೆಯೋ ಅಷ್ಟು ಬುದ್ಧಿ ಅನ್ನುವುದು ಅವರ ನಂಬಿಕೆ. ಪಕ್ಕದ ಕೋಣೆಯ ಮಕ್ಕಳು ರೈಲು ಬಿಟ್ಟ ಹಾಗೆ ಓದುತ್ತಿದ್ದವು. ನಮ್ಮವು ನಿಲ್ದಾಣ ನಿಲ್ದಾಣದಲ್ಲೂ ಇಳಿದು ಊರು ನೋಡಿಕೊಂಡು ಬರುವವು. ತಂದೆತಾಯಿಗಳ ಎದುರಿಗೆ ಪರೀಕ್ಷೆ ಇಡುತ್ತೇನೆ, ಇದೇ ಕೋಣೆ ಹಿಂದೆ ಬಿದ್ದರೆ ತರಗತಿಯನ್ನು ಬೇರೆಯವರಿಗೆ ಕೊಡುತ್ತೇನೆ ಅಂತ ಮೇಡಂ ದೊಡ್ಡಮ್ಮನಿಗೆ ಕಡ್ಡಿ ಮುರಿದ ಹಾಗೆ ಹೇಳಿದರು.

ನಾನು ಹೆದರಿಕೊಂಡು ದೊಡ್ಡಮ್ಮನ ಮನೆಗೆ ಓಡಿದೆ. ಅವಳು ಹಳೆಯ ದಿಂಬಿನ ಚೀಲಕ್ಕೆ ಮಾರನೆಯ ದಿನದ ಸಾಮಾನು ತುಂಬುತ್ತಿದ್ದಳು: ಜರಡಿ, ಬೀಗ, ಹಕ್ಕಿಯ ಪುಕ್ಕ. ಆ ಒಂದು ದಿನ ಮಾತ್ರ ತಟ್ಟಬೇಡಿ ಅಂತ ಮಕ್ಕಳಿಗೆ ಹೇಳು, ನಿನ್ನ ತರಗತಿ ಉಳಿಯುತ್ತದೆ ಅಂತ ಬೇಡಿಕೊಂಡೆ. ಅವಳು ಚೀಲದ ಬಾಯಿ ಕಟ್ಟಿದಳು.

“ಗೊತ್ತಿಲ್ಲದ್ದನ್ನ ಗೊತ್ತಿದೆ ಅಂತ ತೋರಿಸ್ಕೊಳ್ಳೋದನ್ನ ನಾನು ಕಲಿಸಬೇಕಾ? ಅದನ್ನ ಕಲಿಸೋಕೆ ಊರೆಲ್ಲ ಜನ ಇದ್ದಾರೆ ಕಣೇ.”

“ತರಗತಿ ಹೋದ್ರೆ?”

“ಹೋಗಲಿ. ಮಕ್ಕಳ ಕೈ ಅಂತೂ ಅವರ ಹತ್ರಾನೇ ಇರುತ್ತಲ್ಲ.”

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅಂತ ಗೊಣಗಿಕೊಂಡು ಮನೆಗೆ ಬಂದೆ.

ಪರೀಕ್ಷೆಯ ದಿನ ಪಕ್ಕದ ಕೋಣೆಯವರು ಉಸಿರು ಬಿಡದೆ ಓದಿ ಚಪ್ಪಾಳೆ ಗಿಟ್ಟಿಸಿಕೊಂಡರು. ಆಮೇಲೆ ನಮ್ಮ ಮೆಣಸು ಎದ್ದಳು. ‘ಹೊರಗೆ ಕತ್ತಲೆ. ಅಜ್ಜ ಕಂದೀಲು ಹಿಡಿದು ಹೊರಟ’ ಅಂತ ಓದಿದವಳೇ ಕೂತು ನೆಲ ತಟ್ಟಿದಳು. ಹಿಂದಿನಿಂದ ಒಬ್ಬ ಅದು ಕೋಲು ಅಂದ. ಇನ್ನೊಬ್ಬಳು, ಹೊರಗೆ ಕತ್ತಲೆ ಅಂತ ಬರೆದಿದೆ, ಅದಕ್ಕೆ ಅದು ದೀಪಾನೇ ಇರಬೇಕು ಅಂದಳು. ಕತ್ತಲಲ್ಲಿ ಕೋಲೂ ಬೇಕಾಗುತ್ತೆ ಅಂತ ಅವನು ವಾದಕ್ಕೆ ನಿಂತ. ಅಷ್ಟರಲ್ಲಿ ಗಡಿಯಾರ ಕೀಂ ಅಂದಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಒಬ್ಬರು ತಾಯಿ ಮೂಗು ಮುರಿದರು. ನನಗಂತೂ ಮೈಯೆಲ್ಲ ಉರಿಯಿತು, ಆದರೆ ಮಗಳ ಮೇಲಲ್ಲ. ಆ ಎಳೆಯ ತಲೆಗಳು ಕತ್ತಲೆಯ ಸುಳಿವು ಹಿಡಿದು ದೀಪ ಹುಡುಕಿದ್ದು ನನ್ನ ಕಣ್ಣೆದುರಿಗೇ ನಡೆದಿತ್ತು. ಅದನ್ನು ಅಳೆಯುವ ಮುಳ್ಳು ಆ ಗಡಿಯಾರದಲ್ಲಿರಲಿಲ್ಲ.

ದೊಡ್ಡಮ್ಮನನ್ನು ಗೇಟಿನ ಪಕ್ಕದ ಮೇಜಿಗೆ ಹಾಕಿದರು. ತಡವಾಗಿ ಬಂದ ಮಕ್ಕಳಿಗೆ ಚೀಟಿ ಬರೆದುಕೊಡುವ ಕೆಲಸ. ಅವಳು ಚೀಲವನ್ನೂ ಅಲ್ಲಿಗೇ ಒಯ್ದಳು. ದಿನಕ್ಕೊಂದು ವಸ್ತು ಮೇಜಿನ ಮೇಲೆ ಇರುತ್ತಿತ್ತು. ಅದರ ಹೆಸರು ಕೇಳಿ, ಅದನ್ನಿಟ್ಟುಕೊಂಡು ಒಂದು ಮಾತು ಕಟ್ಟಿದ ಮೇಲೆಯೇ ಚೀಟಿ. ಬೇಕೆಂದೇ ತಡವಾಗಿ ಬರುವ ಮಕ್ಕಳು ಹೆಚ್ಚಾದವು. ಅತ್ತ ತರಗತಿಯಲ್ಲಿ ಹೊಸ ಟೀಚರ್ ಓದಿಸಿದರೂ ಮಕ್ಕಳು ತಟ್ಟುವುದನ್ನು ಬಿಡಲಿಲ್ಲ. ನೆಲ ಸಿಕ್ಕಿದರೆ ತಾನೇ ಅಂತ ಮೇಡಂ ಬೆಂಚು ಹಾಕಿಸಿದರು. ಬೆಂಚಿನ ಸದ್ದು ನೆಲಕ್ಕಿಂತ ಜೋರು. ಗೋಡೆಯಾಚೆಯ ರೈಲು ಕೂಡ ಆಗಾಗ ನಿಲ್ಲತೊಡಗಿತು.

ಕೊನೆಗೊಂದು ಬೆಳಿಗ್ಗೆ ಮೇಡಂ ಎಲ್ಲ ಮಕ್ಕಳನ್ನೂ ಅಂಗಳದಲ್ಲಿ ಸಾಲಾಗಿ ಕೂರಿಸಿದರು. ಮೆಣಸನ್ನು ಬಿಡಲು ಬಂದ ನಾನು ದೊಡ್ಡಮ್ಮನ ಮೇಜಿನ ಹತ್ತಿರ ನಿಂತಿದ್ದೆ. ಮೇಡಂ ಮೈಕ್ ಹಿಡಿದು ಹಾಳೆ ನೋಡಿ ಓದಿದರು: “ಇಂದಿನಿಂದ ಶಾಲೆಯಲ್ಲಿ ನೆಲ, ಬೆಂಚು ತಟ್ಟುವುದು ನಿಷಿದ್ಧ.”

ಅಂಗಳದಲ್ಲಿ ಒಂದು ಧಪ್. ಯಾರ ಕೈ ಅಂತ ನನಗೆ ಹೇಳಬೇಕಾಗಿರಲಿಲ್ಲ, ಹೆತ್ತವಳು ನಾನು. ಅದರ ಹಿಂದೆ ಇನ್ನೊಂದು, ಮತ್ತೊಂದು, ಆಮೇಲೆ ರೈಲಿನ ಕೋಣೆಯವರ ಸಾಲಿನಿಂದಲೂ. ಮೇಡಂ ಸುಮ್ಮನಿರಿ ಅಂದರು. ಆ ಮಾತು ಮಕ್ಕಳಿಗೆ ಗೊತ್ತಿದ್ದದ್ದೇ, ಆದರೆ ಅವರು ಕೇಳಿದ್ದು ಅದರ ಅರ್ಥವನ್ನಲ್ಲ. ಮೇಡಂ ಗೇಟಿನ ಕಡೆ ತಿರುಗಿ ದೊಡ್ಡಮ್ಮನನ್ನು ದುರುಗುಟ್ಟಿ ನೋಡಿದರು. ದೊಡ್ಡಮ್ಮ ನಿಧಾನವಾಗಿ ಎದ್ದು ನಿಂತಳು.

“ನಿಷಿದ್ಧ ಅಂದ್ರೆ ಏನು ಅಂತ ಕೇಳ್ತಿದ್ದಾರೆ ಮೇಡಂ. ಹೇಳಿಬಿಡಿ, ಕಾಯ್ತಾ ಇದ್ದಾರೆ.”

ಮೇಡಂ ಮೈಕನ್ನು ಬಾಯಿಗೆ ಹತ್ತಿರ ತಂದರು. “ಮಾಡಬಾರದು ಅಂತ.”

ಮೆಣಸು ಎದ್ದು ನಿಂತಳು. “ಯಾಕೆ ಮಾಡಬಾರದು ಮಿಸ್?”

ಮೇಡಂ ಕೈಯಲ್ಲಿದ್ದ ಹಾಳೆಯನ್ನು ನೋಡಿದರು, ತಿರುಗಿಸಿ ಹಿಂದಿನ ಬದಿಯನ್ನೂ ನೋಡಿದರು. ಮಕ್ಕಳು ಅಂಗೈ ಎತ್ತಿಕೊಂಡು ಕೂತಿದ್ದವು. ಮೇಜಿನ ಮೇಲೆ ನನ್ನ ಕೈಯೂ ಎದ್ದಿತ್ತು.