ಕ್ಲಿಫರ್ಡ್ ಫೆಲ್ಲನ ಮಹಾಮೌನ

ಹಾಡಲು ಬಾಯಿ ತೆರೆಯುವ ಮೊದಲು ಕ್ಲಿಫರ್ಡ್ ಫೆಲ್ ಒಂದು ಕ್ಷಣ ಸುಮ್ಮನಿರುತ್ತಿದ್ದ. ಇಷ್ಟೇ ವಿಷಯ. ಆದರೆ ನಮ್ಮ ಅಲ್ವರ್‌ಸ್ಟನ್ನಿನಂಥ ಊರಿನಲ್ಲಿ, ಮಳೆ ಬಿಟ್ಟರೆ ಬೇರೇನೂ ಬಾರದ ಕಡೆ, ಇಷ್ಟೇ ವಿಷಯ ಇಷ್ಟಕ್ಕೇ ನಿಂತೀತೇ? ಅದಕ್ಕೆ ‘ಕ್ಲಿಫರ್ಡನ ತಡೆ’ ಎಂದು ಹೆಸರು ಬಿತ್ತು. ಮಂಗಳವಾರದ ಗಾನಬಳಗಕ್ಕೆ ಹೊಸಬರು ಬಂದರೆ ಬಚ್ಚಲು ಎಲ್ಲಿದೆ, ಬಿಸ್ಕತ್ತು ಎಲ್ಲಿದೆ, ಕ್ಲಿಫರ್ಡ್ ಎಲ್ಲಿದ್ದಾನೆ ಎಂದು ಒಂದೇ ಉಸಿರಿನಲ್ಲಿ ತೋರಿಸಿಕೊಡುತ್ತಿದ್ದರು. ಆ ತಡೆಯ ನಡುವೆ ತನಗೆ ತೀರಿಹೋದ ಅಮ್ಮನ ದನಿ ಕೇಳಿಸಿತೆಂದು ಅಂಚೆ ಕಚೇರಿಯ ಪೌಲೀನ್ ಆಣೆ ಮಾಡಿ ಹೇಳಿದ್ದಳು. ವಾರಪತ್ರಿಕೆಯವನೊಬ್ಬ ಬಂದು ‘ಹಾಡು ಹುಟ್ಟುವ ಮೊದಲೇ ಅದನ್ನು ಕೇಳಿಸಿಕೊಳ್ಳುವ ಮನುಷ್ಯ’ ಎಂದು ಬರೆದು, ಕಣ್ಣು ಮುಚ್ಚಿದ ಅವನ ಫೋಟೋ ಹಾಕಿದ್ದ.

ಬಳಗವನ್ನು ನಡೆಸುವ ರೊವೆನಾ ಜಾರ್ಜಿಯಾ ದೇಶದ ಬೆಟ್ಟಗಳಲ್ಲಿ ಮೂರು ವಾರ ಇದ್ದು ಬಂದವಳು. ಬಂದಾಗಿನಿಂದ ಚಪ್ಪಲಿ ಬಿಟ್ಟವಳು.

“ನೋಡಿ ಬಂಗಾರಗಳೇ, ಅಲ್ಲಿನ ಮುದುಕರೂ ಥೇಟ್ ಹೀಗೇ. ಭೂಮಿ ಅಪ್ಪಣೆ ಕೊಡೋವರೆಗೂ ತುಟಿ ಬಿಚ್ಚಲ್ಲ,” ಎನ್ನುತ್ತಿದ್ದಳು.

ಕ್ಲಿಫರ್ಡನಿಗೆ ಭೂಮಿ ಎಂದೂ ಏನೂ ಹೇಳಿರಲಿಲ್ಲ. ಅವನು ಬಾಯ್ಲರ್ ರಿಪೇರಿಯವನು. ಎಂಟು ವರ್ಷದ ಹಿಂದೆ, ಬಳಗ ಸೇರುವ ಮೆಥಡಿಸ್ಟ್ ಚರ್ಚಿನ ಸಭಾಂಗಣದ ಬಾಯ್ಲರ್ ಸರಿಮಾಡಲು ಬಂದವನು, ಬಾಗಿಲಲ್ಲಿ ತಲೆ ತೂರಿಸಿ, “ಇನ್ನೂ ಅರ್ಧ ಗಂಟೆ ಚಳಿಯಾಗುತ್ತೆ, ತಡ್ಕೊಳ್ಳಿ,” ಎಂದಿದ್ದ. ಆ ದಪ್ಪ ದನಿ ಕೇಳಿದ್ದೇ ತಡ, ಗಂಡಸರ ಬರಗಾಲದಲ್ಲಿದ್ದ ರೊವೆನಾ ಅವನ ಕೈಯಿಂದ ಸ್ಪ್ಯಾನರ್ ಕಿತ್ತುಕೊಂಡು ಮಂದ್ರದ ಸಾಲಿನಲ್ಲಿ ನಿಲ್ಲಿಸಿದಳು. ಆ ಸಾಲು ಎಂದರೆ ಒಬ್ಬನೇ: ನಿವೃತ್ತ ಗಣಿತದ ಮೇಷ್ಟ್ರು ಎಡ್ಗರ್ ಬ್ರಾಕನ್.

ಬಳಗದಲ್ಲಿ ಪರೀಕ್ಷೆಯಿಲ್ಲ, ಹಾಡಿನ ಹಾಳೆಯೂ ಇಲ್ಲ. ಮಾತಾಡಲು ಬರುವವರಿಗೆಲ್ಲ ಹಾಡಲು ಬರುತ್ತದೆ ಎಂಬುದು ರೊವೆನಾಳ ವೇದ. ಅವಳು ಒಂದೊಂದೇ ಸಾಲು ಹಾಡುವುದು, ಉಳಿದವರು ಕಿವಿಯಲ್ಲಿ ಹಿಡಿದು ಹೇಳುವುದು. ಬಲ್ಗೇರಿಯದ ಸುಗ್ಗಿ, ಫಿನ್‌ಲೆಂಡಿನ ಜೋಗುಳ, ಜುಲು ಜನರ ಮದುವೆ, ಎಲ್ಲವೂ ಹೀಗೇ ಬಂದವು. ಆದರೆ ಕ್ಲಿಫರ್ಡನ ಕಿವಿಯೊಳಗೆ ಒಂಬತ್ತನೇ ವಯಸ್ಸಿನಿಂದ ಒಬ್ಬ ಟೀಚರಮ್ಮ ಬಾಡಿಗೆ ಕೊಡದೆ ಕೂತಿದ್ದರು. ಶಾಲೆಯ ಕ್ರಿಸ್‌ಮಸ್ ಹಾಡಿನ ದಿನ ಬಗ್ಗಿ, “ಪುಟ್ಟಾ, ನೀನು ಬರೀ ಬಾಯಿ ಆಡಿಸು, ದನಿ ಬೇಡ,” ಎಂದವರು. ಆಮೇಲೆ ಐವತ್ತು ವರ್ಷ ಅವನು ಬಚ್ಚಲಲ್ಲೂ ಗುನುಗಿರಲಿಲ್ಲ.

ಹಾಗಾಗಿ ಅವನೊಂದು ಉಪಾಯ ಕಂಡುಕೊಂಡ. ಕಣ್ಣು ಮುಚ್ಚಿ, ಎಡಗಿವಿಯನ್ನು ಎಡ್ಗರನ ಕಡೆ ವಾಲಿಸಿ, ಅವನ ಗಂಟಲಿನಿಂದ ಸ್ವರ ಹೊರಟ ತಕ್ಷಣ ಅದರ ಬೆನ್ನಿಗೇ ತಾನೂ ಬೀಳುವುದು. ಓಡುವ ಬಸ್ಸಿನ ಹಿಂದೆ ನೇತಾಡುವವನಂತೆ ಎಂಟು ವರ್ಷ ಜಗತ್ತನ್ನೆಲ್ಲ ಸುತ್ತಿದ್ದ. ‘ಭಲೇ ಕ್ಲಿಫರ್ಡ್, ಹನ್ನೊಂದು ಭಾಷೆ, ಒಂದರಲ್ಲೂ ಒಂದಕ್ಷರ ಬರಲ್ಲ,’ ಎಂದು ಗಡ್ಡ ಹೆರೆಯುವಾಗ ತನಗೇ ಹೇಳಿಕೊಳ್ಳುತ್ತಿದ್ದ.

ಜೂನ್ ತಿಂಗಳ ಒಂದು ಮಂಗಳವಾರ ರೊವೆನಾ ಚಪ್ಪಾಳೆ ತಟ್ಟಿದಳು. “ಶನಿವಾರದ ಊರ ಸಂತೋಷಕೂಟಕ್ಕೆ ಜಾರ್ಜಿಯಾದ ಕಳೆ ಕೀಳುವವರ ಹಾಡು. ಮೊದಲು ಮಂದ್ರದವರೇ ಶುರುಮಾಡಬೇಕು, ಅದರ ಮೇಲೆ ನಾವು ಕೂರ್ತೀವಿ. ಎಡ್ಗರ್ ಮೊಮ್ಮಗಳ ನಾಮಕರಣಕ್ಕೆ ಲೀಡ್ಸ್‌ಗೆ ಹೋಗ್ತಿದಾನೆ. ಪರವಾಗಿಲ್ಲ ಬಿಡಿ, ನಮ್ಮ ಕ್ಲಿಫರ್ಡ್ ಇದಾನಲ್ಲ!”

ಮೂವತ್ತಮೂರು ಮುಖಗಳು ಅವನ ಕಡೆ ಭಕ್ತಿಯಿಂದ ತಿರುಗಿದವು. ಕ್ಲಿಫರ್ಡನ ಕೈಯಲ್ಲಿದ್ದ ನಿಂಬೆ ಕೇಕು ಚಹಾದೊಳಗೆ ಬಿತ್ತು.

“ಏನ್ ಕ್ಲಿಫ್, ಮುಖ ಬೆಳ್ಳಗಾಯ್ತು? ಒಳಗೆ ಪೈಪ್ ಸೋರ್ತಿದೆಯಾ?” ಎಂದಳು ಪೌಲೀನ್.

“ಸೋರೋಕೆ ಒಳಗೆ ಏನಾದ್ರೂ ಇರಬೇಕಲ್ಲಮ್ಮಾ,” ಎಂದ.

ಊರೆಲ್ಲ ನಕ್ಕರೆ ನಗಲಿ, ಅದು ಅವನಿಗೆ ಅಭ್ಯಾಸ. ಆದರೆ ಗುಟ್ಟು ರಟ್ಟಾದರೆ ಮಂಗಳವಾರ ಹೋಗುತ್ತದೆ. ಬಾಯಿ ಮುಚ್ಚು ಎನ್ನದೆ ಅವನಿಗೆ ಕಿವಿಗೊಟ್ಟ ಜಾಗ ಭೂಮಿಯ ಮೇಲೆ ಅದೊಂದೇ ಇತ್ತು.

ಬುಧವಾರ ಬೆಳಿಗ್ಗೆಯೇ ಎಡ್ಗರನ ಹಿತ್ತಲಿಗೆ ಹೋದ. ಎಡ್ಗರ್ ಹುರುಳಿಕಾಯಿ ಬಳ್ಳಿಗೆ ಕೋಲು ನೆಡುತ್ತಿದ್ದ.

“ಎಡ್ಗರ್, ತಪ್ಪೊಪ್ಪಿಗೆ ಕಣಯ್ಯಾ. ನಂಗೆ ಒಂದು ಹಾಡೂ ಬರಲ್ಲ. ಎಂಟು ವರ್ಷದಿಂದ ನಿನ್ನ ಬಾಲ ಹಿಡ್ಕೊಂಡು ಬಂದಿದೀನಿ. ಶನಿವಾರದ ಸಾಲು ಕಲಿಸಿಕೊಡು.”

ಎಡ್ಗರ್ ಕೋಲನ್ನು ಕೆಳಗಿಟ್ಟ. ಕನ್ನಡಕ ತೆಗೆದು ಒರೆಸಿದ. ಮತ್ತೆ ಹಾಕಿಕೊಂಡ.

“ನನ್ನ ಬಾಲನಾ?” ಎಂದ. “ನಾನು ನಿನ್ನ ಬಾಲ ಹಿಡಿದಿದ್ದೆನಲ್ಲೋ! ನೀನು ಬರೋ ಮುಂಚೆ ನಾನು ಬರೀ ತುಟಿ ಆಡಿಸ್ತಿದ್ದೆ. ನೀನು ಬಂದ್ಮೇಲೆ ‘ಸದ್ಯ, ತಿಳಿದವನೊಬ್ಬ ಸಿಕ್ಕಿದ’ ಅಂತ ಧೈರ್ಯ ಬಂತು.”

“ಹಂಗಾದ್ರೆ ಶುರು ಮಾಡ್ತಿದ್ದೋರು ಯಾರು?”

ಇಬ್ಬರೂ ಬಳ್ಳಿಯ ಬುಡದಲ್ಲಿ ಕೂತು ಲೆಕ್ಕ ಹಾಕಿದರು. ರೊವೆನಾ ಕೈ ಇಳಿಸುತ್ತಾಳೆ. ಇವನು ಅವನಿಗಾಗಿ ತಡೆಯುತ್ತಾನೆ, ಅವನು ಇವನಿಗಾಗಿ. ಉಸಿರು ಕಟ್ಟಿ ಯಾರೋ ಒಬ್ಬ ಯಾವುದೋ ಸ್ವರ ಬಿಡುತ್ತಾನೆ. ಇನ್ನೊಬ್ಬ ಅದೇ ಸರಿಯೆಂದು ನಂಬುತ್ತಾನೆ.

“ಎರಡು ಅಜ್ಞಾತ, ಸಮೀಕರಣ ಒಂದೂ ಇಲ್ಲ,” ಎಂದ ಎಡ್ಗರ್, ಮೇಷ್ಟ್ರ ಗತ್ತಿನಲ್ಲಿ.

“ಮತ್ತೆ ಇಷ್ಟು ವರ್ಷ ಆಯಮ್ಮ ಏನೂ ಅನ್ನಲಿಲ್ಲವಲ್ಲ?”

“ನಾವು ಹಾಡೋದು ಯಾವುದೋ ಬೇರೆ ಹಳ್ಳಿಯ ಧಾಟಿ ಅಂದ್ಕೊಂಡಿದಾಳೆ. ಹೋದ ವರ್ಷ ಯಾರಿಗೋ ಹೇಳ್ತಿದ್ಲು, ನಾನೇ ಕೇಳಿಸ್ಕೊಂಡೆ.”

ಕಲಿಸುವವನಿಲ್ಲದೆ ಕ್ಲಿಫರ್ಡ್ ಮನೆಗೆ ಮರಳಿದ. ಜ್ವರ ಬರಿಸಿಕೊಳ್ಳಲು ಮೂರು ದಿನ ಮಳೆಯಲ್ಲಿ ನೆನೆದ. ನಮ್ಮೂರಿನವನ ಮೈ, ನೆಗಡಿಯೂ ಬರಲಿಲ್ಲ.

ಶನಿವಾರ ಮಧ್ಯಾಹ್ನ ಚರ್ಚಿನ ಹುಲ್ಲುಹಾಸಿನ ಮೇಲೆ ಶಾಮಿಯಾನ, ಎಪ್ಪತ್ತು ಕುರ್ಚಿ, ಅಷ್ಟೂ ಭರ್ತಿ. ಕ್ಲಿಫರ್ಡ್ ಕೊನೆಯಲ್ಲಿ ನಿಂತ. ಎಡಗಿವಿಯ ಪಕ್ಕದಲ್ಲಿ ಎಡ್ಗರ್ ಇರಬೇಕಾದ ಕಡೆ ಶಾಮಿಯಾನದ ಕಂಬವಿತ್ತು. ರೊವೆನಾ ಕೈ ಎತ್ತಿದಳು, ಇಳಿಸಿದಳು.

ಅವನು ಅಭ್ಯಾಸಬಲದಿಂದ ಕಂಬದ ಕಡೆ ವಾಲಿದ. ಕಂಬ ಹಾಡಲಿಲ್ಲ.

ಐದು ಸೆಕೆಂಡಾಯಿತು. ಹತ್ತಾಯಿತು. ಮುಂದಿನ ಸಾಲಿನ ಮುದುಕಿ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡಳು. ಪೌಲೀನ್ ಕಣ್ಣು ಮುಚ್ಚಿ ಅಮ್ಮನಿಗೆ ಕಾದಳು. ಹದಿನೈದಾಯಿತು. ಕ್ಲಿಫರ್ಡನ ಮುಖ ಕೆಂಪಾಯಿತು, ಆಮೇಲೆ ನೇರಳೆಯಾಯಿತು. ಕಡೆಗೆ ಕಟ್ಟಿದ್ದ ಉಸಿರು ತಾನಾಗಿ ಬಿಟ್ಟುಕೊಂಡಿತು. ಅದರ ಜೊತೆ ಒಂದು ಸ್ವರವೂ ಬಂತು. ಹೆದರಿಕೆಗೆ ಕಾಲಿನವರೆಗೂ ಇಳಿದು, ಅಲ್ಲಿಂದಲೇ ಹೊರಟ, ಹಳೇ ಬಾಯ್ಲರಿನ ತಳದಂಥ ಸ್ವರ.

ಹಾಳೆಯಿಲ್ಲದ ಬಳಗ, ಮಂದ್ರ ಎಲ್ಲಿ ಕೂತರೆ ಉಳಿದವರು ಅದರ ಮೇಲೆಯೇ ಕಟ್ಟಬೇಕು. ತಾರದ ಹೆಂಗಸರು ಎರಡು ಮಹಡಿ ಕೆಳಗಿಳಿದರು. ಅವರ ಕೆಳಗಿನವರು ತಂತಮ್ಮ ತಾತಂದಿರ ದನಿಯಲ್ಲಿ ಗೊಗ್ಗರಿಸಿದರು. ಬಿಸಿಲಲ್ಲಿ ಸೊಂಟ ಬಿದ್ದುಹೋದವರು ಜೋಳದ ಹೊಲದಲ್ಲಿ ನರಳುವ ಹಾಗೆ ಹಾಡು ಏಳುತ್ತಾ ಬೀಳುತ್ತಾ ಸಾಗಿತು. ಕ್ಲಿಫರ್ಡ್ ಬೇರೆ ಸ್ವರ ಗೊತ್ತಿಲ್ಲದ್ದರಿಂದ ಆ ಒಂದನ್ನೇ ಕೊನೆತನಕ ಬಿಗಿಯಾಗಿ ಹಿಡಿದಿದ್ದ. ಆದರೆ ನಡುವೆ ಎಲ್ಲೋ ಅವನಿಗೊಂದು ವಿಚಿತ್ರ ಅನುಭವವಾಯಿತು: ಇಷ್ಟೂ ಜನ ತನ್ನ ಮೇಲೆ ನಿಂತಿದ್ದಾರೆ, ಯಾರೂ ಬೀಳುತ್ತಿಲ್ಲ.

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ರೊವೆನಾ ಕೆಸರಿನಲ್ಲಿ ಬರಿಗಾಲಲ್ಲಿ ಓಡಿ ಬಂದು ಅವನ ಎರಡೂ ಕೈ ಹಿಡಿದುಕೊಂಡಳು. ಅವಳ ಕಣ್ಣಲ್ಲಿ ನೀರು. ಸುತ್ತ ಇಡೀ ಬಳಗ.

“ಬಂಗಾರಾ, ಮುಂದಿನ ಮಂಗಳವಾರದಿಂದ ಹೊಸಬರಿಗೆ ನೀನೇ ಆ ಮೌನದ ಪಾಠ ಹೇಳಿಕೊಡಬೇಕು. ಇಂಥ ದನಿ ಇಟ್ಕೊಂಡು ಎಂಟು ವರ್ಷ ಪ್ರತಿ ಸಲ ಅಷ್ಟು ಹೊತ್ತು ತಡೀತಿದ್ದೆಯಲ್ಲಾ, ಯಾವುದಕ್ಕೆ ಕಾಯ್ತಿದ್ದೆ?”

ಕ್ಲಿಫರ್ಡ್ ಬಳಗವನ್ನೆಲ್ಲ ಒಮ್ಮೆ ನೋಡಿದ. ಪಾಠ ಹೇಳಬೇಕೆಂದ ಮೇಲೆ ಇನ್ನು ಮುಚ್ಚಿಡುವಂತಿರಲಿಲ್ಲ. ಗಂಟಲು ಸರಿಮಾಡಿಕೊಂಡ.

“ಎಡ್ಗರ್ ಶುರು ಮಾಡ್ಲಿ ಅಂತ,” ಎಂದ.