ಬೈಲಪ್ಪನವರ ಸೋಮವಾರದ ಷುಗರ್
ಹೇರೋಹಳ್ಳಿಯ ಬೈಲಪ್ಪನವರಿಗೆ ಸಕ್ಕರೆ ಕಾಯಿಲೆ ಇದೆ ಎಂದು ಡಾಕ್ಟರು ಎಷ್ಟೇ ಹೇಳಲಿ, ಅವರ ಮನೆಯ ಮಿಷಿನ್ನು ಒಪ್ಪುವುದಿಲ್ಲ. ರಕ್ತದ ಸಕ್ಕರೆಯನ್ನು ಮನೆಯಲ್ಲೇ ನೋಡಿಕೊಳ್ಳಲಿ ಎಂದು ಮಗಳು ತಂದುಕೊಟ್ಟ ಆ ಅಂಗೈಯಗಲದ ಮಿಷಿನ್ನಿಗೆ ದೇವರಗೂಡಿನಲ್ಲಿ, ವಿಭೂತಿ ಗಟ್ಟಿಯ ಪಕ್ಕದಲ್ಲೇ ಜಾಗ. ಸೋಮವಾರ ಅವರದು ಒಪ್ಪೊತ್ತು. ಬೆಳಗಿನಿಂದ ಹಸಿದಿದ್ದು, ಸಂಜೆ ಸ್ನಾನ ಮುಗಿಸಿ, ಊಟಕ್ಕೆ ಮುಂಚೆ ಬೆರಳು ಚುಚ್ಚಿಕೊಳ್ಳುತ್ತಾರೆ. ಮಿಕ್ಕ ದಿನ ಮಿಷಿನ್ನಿಗೆ ರಜ. “ಊಟ ಆದ್ಮೇಲೂ ಒಂದ್ಸಲ ನೋಡ್ಕೊಳಿ” ಎಂದು ಹೆಂಡತಿ ಸಾಕಮ್ಮ ಅಂದರೆ, “ತಿಂದ ಮೈಯಲ್ಲಿ ನೋಡಿದ್ರೆ ಅದು ಸುಳ್ಳು ಹೇಳುತ್ತೆ ಕಣೇ” ಎನ್ನುತ್ತಾರೆ. ನಂಬರು ನೂರರೊಳಗೆ ಬಂದಿತೋ, ಹೊಸ ಮೊಬೈಲಿನಲ್ಲಿ ನಂದಿನಿ ಲೇಔಟಿನ ಷಡ್ಡಕನಿಗೆ ಫೋನು: “ತೊಂಬತ್ತೆಂಟು ಕಣಯ್ಯಾ! ನಿಂದೆಷ್ಟು?” ಆ ತೊಂಬತ್ತೆಂಟರ ಧೈರ್ಯ ಭಾನುವಾರದವರೆಗೂ ಬಾಳಿಕೆ ಬರುತ್ತದೆ. ಅದರ ಮೇಲೆ ಬೇಕರಿಯ ದಿಲ್‌ಪಸಂದ್, ಬೀಗರ ಮನೆಯ ಒಬ್ಬಟ್ಟು ಎಲ್ಲವೂ ಜೀರ್ಣ. ಬೆಳಗಿನ ವಾಕಿಂಗಿನಲ್ಲಿ ಎದುರು ಸಿಕ್ಕವರಿಗೆಲ್ಲ, “ನೀವೂ ಒಂದು ಮಿಷಿನ್ ತಗೊಳಿ ಸಾರ್, ಷುಗರ್ ಹೇಳಿದ ಮಾತು ಕೇಳುತ್ತೆ” ಎಂಬ ಉಪದೇಶ. ಹೊಸ ಸೈಟುಗಳ ಕಡೆಯ ರಸ್ತೆಗೆ ಇನ್ನೂ ಟಾರು ಬಿದ್ದಿಲ್ಲ, ಬರೀ ಜಲ್ಲಿ. ಅಲ್ಲಿ ಹೀಗೇ ಕೈಬೀಸಿ ಮಾತಾಡುತ್ತ ಹೋಗುವಾಗ ಅವರ ಎಡಗಾಲಿನ ಚಪ್ಪಲಿ ಕಳಚಿ ಹಿಂದೆ ಉಳಿಯುತ್ತದೆ, ಕಾಲಿಗೆ ಅದು ಗೊತ್ತೇ ಆಗುವುದಿಲ್ಲ. ಹಿಂದೆಯೇ ನಡೆದುಬರುವ ಸಾಕಮ್ಮ ಅದನ್ನೆತ್ತಿಕೊಳ್ಳುತ್ತಾರೆ. ಮೊದಮೊದಲು ತಕ್ಷಣ ಕೂಗಿ ಕರೆಯುತ್ತಿದ್ದರು. ಈಗ, ಕಾಲಿಗೆ ಕಲ್ಲು ಒತ್ತಿ ಅವರೇ ಒಮ್ಮೆ ತಿರುಗಿ ನೋಡಲಿ ಎಂದು, ಚಪ್ಪಲಿ ಹಿಡಿದು ನಾಲ್ಕು ಹೆಜ್ಜೆ ಕಾಯುತ್ತಾರೆ. ಬೈಲಪ್ಪನವರು ಬರಿಗಾಲನ್ನು ಜಲ್ಲಿಯ ಮೇಲೆ ಊರುತ್ತ, ತೊಂಬತ್ತೆಂಟರ ಕತೆ ಹೇಳುತ್ತ ಮುಂದೆ ಮುಂದೆ ಹೋಗುತ್ತಾರೆ.